ಪೈಠಣಿಯ ನಕಾಶೆ

ಕಳೆದ ವಾರ ಕೊರಿಯರಿನವನು ಉದ್ದನೆಯ ತಗಡಿನ ಕೊಳವೆಯೊಂದನ್ನು ಬಾಗಿಲಿಗೆ ಒರಗಿಸಿ, ಸಹಿ ಹಾಕಿಸಿಕೊಂಡು ಹೋದ. ಮುಚ್ಚಳ ತೆಗೆದದ್ದೇ ತಡ, ಅಮೋನಿಯಾ ವಾಸನೆ ಮೂಗಿಗೆ ಬಡಿಯಿತು. ಕಾರ್ಖಾನೆಯಲ್ಲಿ ನಕಾಶೆಗಳ ಪ್ರತಿ ತೆಗೆಯುತ್ತಿದ್ದ ಯಂತ್ರದ ವಾಸನೆ. ಐವತ್ತು ವರ್ಷ ಹಳೆಯ ಕಾಗದದಲ್ಲಿ ಅಮೋನಿಯಾ ಇನ್ನೂ ಕುಳಿತಿರುವುದು ರಸಾಯನಶಾಸ್ತ್ರ ಒಪ್ಪುವ ಮಾತಲ್ಲ. ಹೆಂಡತಿಯನ್ನು ಕರೆದು ಮೂಸಿ ನೋಡು ಎಂದೆ. "ಜಿರಳಿ ವಾಸನಿ" ಎಂದು ಹೇಳಿ ಅವಳು ಅಡುಗೆಮನೆಗೆ ಹೋದಳು. ಆದ್ದರಿಂದ ಈ ಬರಹದುದ್ದಕ್ಕೂ ನನ್ನ ಜೊತೆ ಬರುವ ಮನಸ್ಸಿದ್ದರೆ ಮೊದಲೇ ಹೇಳಿಬಿಡುತ್ತೇನೆ: ನನ್ನ ಮೂಗನ್ನು ನಂಬಬೇಡಿ. ಮೂಗಿನ ಹಿಂದಿರುವ ಸಾಮಾನನ್ನಂತೂ ನಂಬಲೇಬೇಡಿ.

ಕೊಳವೆ ಕಳಿಸಿದವಳು ಉಷಾ. ನಾಸಿಕದಲ್ಲೇ ಹುಟ್ಟಿ ಬೆಳೆದು ಈಗ ಸಾತಪುರದ ಕಡೆ ಮನೆ ಮಾಡಿಕೊಂಡಿದ್ದಾಳೆ. ಅವಳ ತಂದೆ ವೈಜನಾಥ ಮಾಸ್ತರು ನಾಸಿಕದ ಪಕ್ಕದ ಓಝರದ ವಿಮಾನ ಕಾರ್ಖಾನೆಯಲ್ಲಿ ನಕಾಶೆಗಾರರು. ಸಂಜೆಯಾದರೆ ನಮ್ಮ ಕನ್ನಡ ಸಂಘದ ಬ್ಯಾಲೆ ನಿರ್ದೇಶಕರು. ಅವರು ತೀರಿಕೊಂಡು ಬಹಳ ಕಾಲವಾಯಿತು. ಈಗ ಪುಣೆಯ ಒಂದು ನೃತ್ಯ ಸಂಗ್ರಹಾಲಯದವರು ಅವರ ಕಾಗದಪತ್ರ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಜೊತೆಗೆ ಮಾಸ್ತರರನ್ನು ಕಂಡವರು ಬರೆದ ಒಂದು ಪುಟದ ಪರಿಚಯ ಬೇಕಂತೆ. ಮಗಳನ್ನು ಬಿಟ್ಟರೆ ಕಂಡವರಲ್ಲಿ ಉಸಿರಾಡುತ್ತಿರುವವನು ನಾನೊಬ್ಬನೇ. ಅರ್ಹತೆ ಅಷ್ಟೇ.

"ಕಾಕಾ, ಬಾಬಾಂದು ಲಾಸ್ಟ್ ಬ್ಯಾಲೆ ಯಾಕ ಕೆಟ್ಟಿತು, ಅವರು ಯಾಕ ಬಿಟ್ಟರು ಅಂತ ಪುಣೆಯವರು ಕೇಳ್ಲತ್ತಾರ" ಎಂದು ಫೋನಿನಲ್ಲಿ ಹೇಳಿದ್ದಳು. "ತಪ್ಪು ಬಾಬಾಂದೇ ಇದ್ರ ಹಂಗೇ ಬರೀರಿ. ಆದ್ರ ಖರೇ ಬರೀರಿ. ಒಮ್ಮೆ ಅಲ್ಲಿ ಇಟ್ರ ಅದೇ ಕಾಯಂ."

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಐವತ್ತು ವರ್ಷ ಮದುವೆಗಳಲ್ಲಿ, ನಿವೃತ್ತಿ ಸಮಾರಂಭಗಳಲ್ಲಿ, ರೈಲಿನಲ್ಲಿ ಎದುರು ಕುಳಿತ ಅಪರಿಚಿತರಿಗೆ ನಾನು ಹೇಳಿ ನಗಿಸಿದ ಕಥೆ ಅದು. ತಪ್ಪು ಮಾಸ್ತರರದೇ. ಇನ್ನೇನು ಅನುಮಾನ?

ಅನುಮಾನ ನನ್ನ ಕಸುಬು ಎಂದು ನಾನು ತಿಳಿದಿದ್ದ ಕಾಲ ಅದು. ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿ, ಜಗತ್ತು ಇದೆಯೋ ಇಲ್ಲವೋ ಎಂಬುದನ್ನು ಇತ್ಯರ್ಥ ಮಾಡದೆಯೇ, ಇದ್ದರೂ ಇರಲಿ ಎಂದು ನೌಕರಿ ಹುಡುಕಿಕೊಂಡು ಓಝರಕ್ಕೆ ಬಂದಿದ್ದೆ. ನನ್ನ ವಿದ್ಯೆಗೆ ತಕ್ಕಂತೆ ನಕಾಶೆಗಳ ದಾಖಲೆ ಕೋಣೆಯಲ್ಲಿ ಗುಮಾಸ್ತನ ಕುರ್ಚಿ ಸಿಕ್ಕಿತು. ಸುತ್ತಲಿನವರೆಲ್ಲ ರಿವೆಟ್ಟು, ರೆಕ್ಕೆ, ಬಡ್ತಿ ಎಂದು ಮಾತಾಡುವಾಗ ನಾನೊಬ್ಬನೇ ಮೇಲೊಂದು ಮೆಟ್ಟಿಲಲ್ಲಿ ನಿಂತು ಮುಗುಳ್ನಗುತ್ತಿದ್ದೆ. ಮೇಲೆ ನಿಂತವನಿಗೆ ಎಲ್ಲರೂ ಗಿಡ್ಡಗೆ ಕಾಣುತ್ತಾರೆ ಎಂಬುದನ್ನು ತತ್ವಶಾಸ್ತ್ರ ವಿಭಾಗದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮಾಸ್ತರರೂ ಮೇಲಿನಿಂದ ನೋಡಿದವರೇ, ಬೇರೆ ರೀತಿಯಲ್ಲಿ. ಬೀದರ ಕಡೆಯವರು. ಹರೆಯದಲ್ಲಿ ಹೈದರಾಬಾದಿಗೆ ಬಂದ ಒಂದು ಬ್ಯಾಲೆ ತಂಡದ ಹಿಂದೆ ಎಂಟು ತಿಂಗಳು ದೀಪದ ಪೆಟ್ಟಿಗೆ ಹೊತ್ತು ಅಲೆದಿದ್ದರಂತೆ. ಎಂಟೋ ಹದಿನೆಂಟೋ, ಹೇಳುವಾಗ ಬೆಳೆಯುತ್ತಿತ್ತು. ರಂಗದ ಮೇಲ್ಗಡೆ ದೀಪ ಕಟ್ಟುವ ಅಟ್ಟದಲ್ಲಿ ಕುಳಿತು ನೋಡಿದ್ದರಿಂದ ಅವರಿಗೆ ನರ್ತಕರ ಮುಖ ಕಂಡಿರಲಿಲ್ಲ. ಕಂಡದ್ದು ತಲೆಗಳು ಮಾತ್ರ. ಯಾವ ತಲೆ ಯಾವ ದಾರಿ ಹಿಡಿಯಿತು, ಎಲ್ಲಿ ಇನ್ನೊಂದನ್ನು ಕೂಡಿತು, ಎಲ್ಲಿ ಅಗಲಿತು. ಬ್ಯಾಲೆ ಅಂದರೆ ಅಷ್ಟೇ ಎಂದು ಅವರು ನಂಬಿದರು. ಆಮೇಲೆ ನಕಾಶೆ ಎಳೆಯುವ ಕೆಲಸ ಸಿಕ್ಕಿತು, ನಂಬಿಕೆ ಗಟ್ಟಿಯಾಯಿತು.

ಕೊಳವೆಯಿಂದ ಹಾಳೆಗಳನ್ನು ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಲೋಟ ಇಟ್ಟು ನೋಡಿದೆ. ಅದೇ ಅಂದವಾದ ಚೌಕಟ್ಟು, ಬಲ ಮೂಲೆಯಲ್ಲಿ ಅದೇ ಸಣ್ಣ ಸಣ್ಣ ಮನೆಗಳ ಪಟ್ಟಿ. ಭಾಗದ ಹೆಸರು: ‘ಗೋದಾವರಿ, ಎರಡನೆಯ ತಿರುವು.’ ಸಾಮಗ್ರಿ: ‘ಕಮಲಾಬಾಯಿ, ಟೈಪಿಂಗ್ ವಿಭಾಗ.’ ಅನುಮತಿಸಬಹುದಾದ ವ್ಯತ್ಯಾಸ: ‘ಆರು ಅಂಗುಲ.’ ಸೂಚನೆ: ‘ಗಂಡ ಎರಡನೆಯ ಪಾಳಿಯಲ್ಲಿದ್ದರೆ ಮಾತ್ರ ಲಭ್ಯ.’ ವಿಮಾನದ ರೆಕ್ಕೆಗೂ ಟೈಪಿಸ್ಟಿಗೂ ಒಂದೇ ಶಿಸ್ತು. ಇಂಥ ಹಾಳೆ ನಲವತ್ತಕ್ಕೂ ಹೆಚ್ಚು. ಒಬ್ಬ ಮನುಷ್ಯನ ಕಲಾಜೀವನ ಒಂದು ಕೊಳವೆಯಲ್ಲಿ ಹಿಡಿಸಿತು, ಮುಚ್ಚಳವೂ ಕೂತಿತು.

ತಾಲೀಮು ಕಾಲನಿಯ ಸಭಾಗೃಹದಲ್ಲಿ ನಡೆಯುತ್ತಿತ್ತು. ಮಾಸ್ತರರು ನೆಲದ ಮೇಲೆ ಸುಣ್ಣದಿಂದ ಚೌಕ ಎಳೆದು, ಕೈಯಲ್ಲಿ ಉಕ್ಕಿನ ಅಳತೆಪಟ್ಟಿ ಹಿಡಿದು ಓಡಾಡುವರು.

"ಕಮಲಾಬಾಯಿ, ನೀವು ಹತ್ತು ಅಂಗುಲ ಆಚೆ ನಿಂತೀರಿ. ಹತ್ತು ಅಂಗುಲ ಅಂದ್ರ ವಿಮಾನ ಬೀಳ್ತದ ನೋಡ್ರಿ."

"ಬಿದ್ರ ಬೀಳ್ಲಿ ಬಿಡ್ರಿ ಮಾಸ್ತರ. ಒಲೀ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ, ಅದು ಹತ್ತಿದ್ರ ಮನ್ಯಾಗ ನಾ ಬೀಳ್ತೀನಿ."

ಎಲ್ಲರೂ ನಗುವರು, ಮಾಸ್ತರರೂ. ನಕ್ಕು ಮುಗಿದ ಮೇಲೆ ಹತ್ತು ಅಂಗುಲ ಈಚೆ ಸರಿಸುವರು.

ಕೊನೆಯ ಬ್ಯಾಲೆಯ ಹೆಸರು ‘ಪೈಠಣಿ’, ಜರಿ ಸೆರಗಿನ ರೇಷ್ಮೆ ಸೀರೆಯ ಹೆಸರು. ನಾಸಿಕದಿಂದ ಆಗಿನ ಔರಂಗಾಬಾದಿಗೆ, ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಹೋಗುವ ದಾರಿಯಲ್ಲಿ ಯೇವಲಾ ಸಿಗುತ್ತದಲ್ಲ, ಅಲ್ಲಿ ಬಸ್ಸು ನಿಂತಾಗ ಮಾಸ್ತರರು ಇಳಿದು ಒಂದು ಮಗ್ಗದ ಮುಂದೆ ಕುಳಿತವರು ಏಳಲೇ ಇಲ್ಲವಂತೆ, ಬಸ್ಸು ಹೋಗಿಬಿಟ್ಟಿತು. ಹನ್ನೆರಡು ಹೆಂಗಸರು ಹನ್ನೆರಡು ಎಳೆಗಳು. ನಾಸಿಕದ ಆರು ಮಂದಿ ಹಾಸು, ಔರಂಗಾಬಾದಿನ ಸಂಘದ ಆರು ಮಂದಿ ಹೊಕ್ಕು. ಹಾಸಿನವರು ಸರಿದು ಸಂದು ಬಿಡಬೇಕು, ಹೊಕ್ಕಿನವರು ಜರಿಯ ಪಟ್ಟಿ ಹಿಡಿದು ಆ ಸಂದಿನಲ್ಲಿ ನುಸುಳಬೇಕು. ಕೊನೆಗೆ ರಂಗದ ಮೇಲೆ ಸೀರೆಯ ಸೆರಗು ನೇಯ್ದುಕೊಂಡಿರಬೇಕು. ಎರಡೂ ಊರಿನವರಿಗೆ ಒಟ್ಟಿಗೆ ರಜೆ ಸಿಗುವ ಹಾಗಿರಲಿಲ್ಲ. ಅದಕ್ಕೆ ಮಾಸ್ತರರು ನಕಾಶೆಯ ಮೇಲೆ ಭರವಸೆ ಇಟ್ಟರು. ರೆಕ್ಕೆ ಒಂದು ಕಡೆ, ಬಾಲ ಇನ್ನೊಂದು ಕಡೆ ತಯಾರಾಗಿ ಕೊನೆಗೆ ಜೋಡಿಸಿದರೆ ಕೂಡುವುದಿಲ್ಲವೇ? ಹೆಂಗಸರು ಏಕೆ ಕೂಡಬಾರದು?

ಔರಂಗಾಬಾದಿಗೆ ಕಳಿಸಬೇಕಾದ ಪ್ರತಿಯನ್ನು ಮಾಡಿದವನು ನಾನು. ಮಾಸ್ತರರಿಗೊಂದು ರೂಢಿಯಿತ್ತು: ಪಾರದರ್ಶಕ ಟ್ರೇಸಿಂಗ್ ಕಾಗದದ ಮುಂಬದಿಗೆ ರಂಗದ ಚೌಕಟ್ಟು ಮತ್ತು ಅಕ್ಷರಗಳನ್ನು ಮಸಿಯಲ್ಲಿ ಬರೆಯುವುದು, ಹೆಂಗಸರು ನಡೆಯುವ ಗೆರೆಗಳನ್ನು ಹಿಂಬದಿಗೆ ಪೆನ್ಸಿಲಿನಲ್ಲಿ ಎಳೆಯುವುದು. ದಿನಕ್ಕೊಮ್ಮೆ ಅಳಿಸಿ ತಿದ್ದಿದರೂ ಮುಂದಿನ ಮಸಿ ಕೆಡುವುದಿಲ್ಲ. ಪೆನ್ಸಿಲ್ ಗೆರೆ ಯಂತ್ರದಲ್ಲಿ ಸರಿಯಾಗಿ ಮೂಡದ್ದರಿಂದ ಕೈಯಿಂದಲೇ ಇನ್ನೊಂದು ಟ್ರೇಸಿಂಗ್ ಹಾಳೆಗೆ ಇಳಿಸಬೇಕಾಯಿತು. ಗೆರೆಯ ಮೇಲೆ ಗೆರೆ ಇಟ್ಟು ಇಳಿಸಿದ್ದೇನೆ ಎಂದು ನನಗೆ ಚೆನ್ನಾಗಿ ನೆನಪಿದೆ. ಪರಿಶೀಲಿಸಿದವರ ಸಹಿಯಿಲ್ಲದೆ ಯಾವ ನಕಾಶೆಯೂ ಕೋಣೆ ಬಿಡಬಾರದೆಂಬ ನಿಯಮವೂ ನೆನಪಿದೆ. ಆದರೆ ಮಾಸ್ತರರು ಅವತ್ತು ಎರಡನೆಯ ಪಾಳಿ, ರಾತ್ರಿಯವರೆಗೆ ಕಾರ್ಖಾನೆಯೊಳಗೆ; ನಾನು ಹೊರಗೆ, ಬಸ್ಸು ಐದೂವರೆಗೆ. ಕುಣಿತದ ಹಾಳೆಗೆ ಪರಿಶೀಲನೆಯೇ ಎಂದು ನಕ್ಕು, ಕಂಡಕ್ಟರನ ಕೈಗೆ ಕೊಟ್ಟೆ.

ಔರಂಗಾಬಾದಿನಲ್ಲಿ ರಾಜ್ಯೋತ್ಸವದ ಸಂಜೆ. ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟು, ತಲುಪಿದಾಗ ಒಟ್ಟಿಗೆ ಒಂದು ಸುತ್ತು ನೋಡುವಷ್ಟೂ ಹೊತ್ತು ಉಳಿದಿರಲಿಲ್ಲ. ಪರದೆ ಎದ್ದಿತು. ಹಾಸಿನವರು ಬಲಗಡೆಗೆ ಸಂದು ಬಿಟ್ಟು ನಿಂತರು. ಹೊಕ್ಕಿನವರು ಎಡಗಡೆಯಿಂದ ಬಂದರು. ಮುಂದಾಳು ಶಾಂತಾಬಾಯಿ, ಅಲ್ಲಿಯ ಸಂಘದ ಕಾರ್ಯದರ್ಶಿಯ ಹೆಂಡತಿ, ನೇರವಾಗಿ ಕಮಲಾಬಾಯಿಗೆ ಹಾಯ್ದರು.

"ಕಣ್ಣ ಕಾಣಸ್ತಾವಿಲ್ಲೇನ್ರೀ?"

"ನನ್ನ ದಾರ್ಯಾಗ ನೀವ್ಯಾಕ ನಿಂತೀರಿ?"

ಮೃದಂಗದವನು ಮಾತ್ರ ಯಾವ ಹಂಗೂ ಇಲ್ಲದೆ ಬಾರಿಸುತ್ತಲೇ ಇದ್ದ. ಎರಡನೆಯವಳ ಜಡೆ ಮೂರನೆಯವಳ ಡಾಬಿಗೆ ಸಿಕ್ಕಿತು, ಜರಿಯ ಪಟ್ಟಿ ಐದು ಮಂದಿಯನ್ನು ಒಟ್ಟಿಗೆ ಕಟ್ಟಿಹಾಕಿತು. ಹಿಂದಿನ ಸಾಲಿನಿಂದ ಯಾರೋ ಮರಾಠಿಯಲ್ಲಿ "ಗುಂತಾ ಝಾಲಾ, ಗುಂತಾ!" ಎಂದು ಕೂಗಿದರು. ಸಿಕ್ಕುಬಿತ್ತು ಎಂದು. ಸಭಾಗೃಹ ಎರಡೂ ಭಾಷೆಯಲ್ಲಿ ನಕ್ಕಿತು. ಪಕ್ಕದ ಪರದೆಯ ಮರೆಯಲ್ಲಿ ಮಾಸ್ತರರು ತಮ್ಮ ಅಂಗೈ ನೋಡಿ, ತಿರುವಿ ಮುಂಗೈ ನೋಡಿ, ಮತ್ತೆ ಅಂಗೈ ನೋಡುತ್ತಿದ್ದರು.

ಸಂಘದ ವಾರ್ಷಿಕ ಸಂಚಿಕೆಗೆ ನಾನೊಂದು ವಿನೋದ ಲೇಖನ ಬರೆದೆ. ಎಡಗೈ ಯಾವುದು ಬಲಗೈ ಯಾವುದು ಎಂದು ಪರದೆಯ ಹಿಂದೆ ನಿಂತು ಎಣಿಸಿಕೊಳ್ಳುತ್ತಿದ್ದ ನಿರ್ದೇಶಕನ ಚಿತ್ರ ಅದರಲ್ಲಿ ಬಹಳ ಚೆನ್ನಾಗಿ ಬಂದಿತ್ತು. ಎಲ್ಲರೂ ಹಾಗೇ ಹೇಳಿದರು. ನನ್ನ ಜೀವನದಲ್ಲಿ ನನಗೆ ಬಂದ ಏಕೈಕ ಸಾಹಿತ್ಯಕ ಕೀರ್ತಿ ಅದು. ಮುಂದಿನ ವರ್ಷ ತಾಲೀಮಿಗೆ ಕರೆದಾಗ ಕಮಲಾಬಾಯಿ "ಸಾಕ್ರಿ ಮಾಸ್ತರ, ಮತ್ತ ನಗಸ್ಬ್ಯಾಡ್ರಿ ನಮ್ಮನ್ನ" ಎಂದರಂತೆ. ಮಾಸ್ತರರು ಮತ್ತೆ ಯಾರನ್ನೂ ಕರೆಯಲಿಲ್ಲ. ಸಂಘದ ಕಾರ್ಯಕ್ರಮಗಳಲ್ಲಿ ಕುರ್ಚಿ ಹಾಕಿಸುತ್ತಿದ್ದರು. ಸಾಲುಗಳು ಮಾತ್ರ ಅತ್ಯಂತ ನೇರ.

ಲೇಖನ ಬಂದ ವಾರ ಕ್ಯಾಂಟೀನಿನಲ್ಲಿ ಎದುರಾಗಿದ್ದರು. "ಛಲೋ ಬರ್ದೀರಿ. ಖರೇನೇ ನಕ್ಕೆ" ಎಂದು ಹೇಳಿ ಚಹಾ ತರಿಸಿದರು. ಪಾಪ, ವ್ಯಂಗ್ಯವೂ ತಿಳಿಯದ ಮನುಷ್ಯ ಎಂದುಕೊಂಡು ನಾನು ಆ ಚಹಾ ಕುಡಿದೆ.

ಇರಲಿ, ಹಾಳೆಗಳಿಗೆ ಬರೋಣ. ಪೈಠಣಿಯವು ಎರಡಿದ್ದವು: ಮಾಸ್ತರರ ಮೂಲ, ಔರಂಗಾಬಾದಿನಿಂದ ಅವರು ವಾಪಸು ತಂದಿದ್ದ ನನ್ನ ಪ್ರತಿ. ಪರಿಚಯದಲ್ಲಿ ಮಾಸ್ತರರ ತಪ್ಪನ್ನು ಸಾಧಾರವಾಗಿ ತೋರಿಸೋಣ ಎಂಬ ವಿದ್ವತ್ತಿನ ಹುರುಪಿನಿಂದ ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಹಿಡಿದೆ. ಚೌಕಟ್ಟು ಕೂಡಿತು, ಅಕ್ಷರ ಕೂಡಿತು. ಗೆರೆಗಳು ಕೂಡಲಿಲ್ಲ. ಬಲಕ್ಕೆ ಹೋಗಬೇಕಾದದ್ದು ಎಡಕ್ಕೆ ಹೋಗಿತ್ತು. ಮೂಲವನ್ನು ತಿರುವಿ ಬೆನ್ನು ಮೇಲೆ ಮಾಡಿ ಹಿಡಿದೆ. ಒಂದೊಂದು ಗೆರೆಯೂ ಕೂದಲೆಳೆ ತಪ್ಪದೆ ಕೂತುಕೊಂಡಿತು.

ಪೆನ್ಸಿಲ್ ಗೆರೆ ಮುಂಬದಿಯಿಂದ ಮಸುಕಾಗಿ ಕಂಡಿರಬೇಕು. ಚೆನ್ನಾಗಿ ಕಾಣಲೆಂದು ನಾನು ಮೂಲವನ್ನು ಬೋರಲು ಹಾಕಿ ಗೆರೆಗಳನ್ನು ಇಳಿಸಿಕೊಂಡಿದ್ದೇನೆ. ಆಮೇಲೆ ಅಂಗಾತ ಮಾಡಿ ಚೌಕಟ್ಟನ್ನೂ ಅಕ್ಷರವನ್ನೂ ಬರೆದಿದ್ದೇನೆ. ಎರಡೂ ಕಡೆ ಒಂದೇ ಥರದ ಚೌಕಟ್ಟಾದ್ದರಿಂದ ಗೊತ್ತಾಗಿಲ್ಲ. ಗೆರೆಯ ಮೇಲೆ ಗೆರೆ ಇಟ್ಟೇ ಇಳಿಸಿದ್ದೆ, ನೆನಪು ಸುಳ್ಳಲ್ಲ. ನೆನಪು ಹಾಳೆಯ ಯಾವ ಬದಿ ಎಂದು ಮಾತ್ರ ಹೇಳಿರಲಿಲ್ಲ.

ಪ್ರತಿಯ ಮೂಲೆಯಲ್ಲಿ ‘ಟ್ರೇಸ್ ಮಾಡಿದವರು’ ಎಂಬ ಮನೆಯಲ್ಲಿ ನನ್ನ ಸಹಿ. ‘ಪರಿಶೀಲಿಸಿದವರು’ ಎಂಬ ಮನೆ ನಾನು ಕಳಿಸಿದಾಗ ಖಾಲಿಯಿತ್ತು. ಈಗ ಅಲ್ಲಿ ಮಾಸ್ತರರ ಸಹಿ ಇದೆ, ತಾರೀಖು ಪ್ರದರ್ಶನದ ಮರುದಿನದ್ದು. ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಒಂದೇ ಶಬ್ದ: ‘ತಿರುವುಮುರುವು.’

ನಕಾಶೆ ಕೋಣೆಯ ಪದ್ಧತಿ ನಿಮಗೆ ತಿಳಿಯದು. ಪರಿಶೀಲಿಸಿದವರ ಸಹಿ ಬಿದ್ದ ಮೇಲೆ ಹಾಳೆಯಲ್ಲಿ ತಪ್ಪು ಸಿಕ್ಕರೆ ಟ್ರೇಸ್ ಮಾಡಿದವನನ್ನು ಯಾರೂ ಕೇಳುವುದಿಲ್ಲ. ಹೊಣೆ ಪೂರ್ತಿ ಪರಿಶೀಲಿಸಿದವನದು. ನನ್ನೊಳಗಿನ ಎಂ.ಎ. ಕೂಡಲೇ ಎದ್ದು ಕುಳಿತ: ಖಾಲಿ ಮನೆ ಕಂಡರೆ ತುಂಬುವುದು ನಕಾಶೆಗಾರನ ಚಟ, ಇದರಲ್ಲಿ ಔದಾರ್ಯ ಹುಡುಕಬೇಡ. ಎರಡು ದಿನ ಆ ವಾದಕ್ಕೆ ಜೋತುಬಿದ್ದೆ. ಅದು ಬಹಳ ಹಿತವಾಗಿತ್ತು, ಅದೇ ಅದರ ದೋಷ. ಚಟದಿಂದ ಸಹಿ ಹಾಕುವವನು ‘ತಿರುವುಮುರುವು’ ಎಂದು ಬರೆಯುತ್ತಾನೆಯೇ? ಬರೆದು, ತಿಂಗಳಾದ ಮೇಲೆ ನನಗೆ ಚಹಾ ತರಿಸುತ್ತಾನೆಯೇ?

ನಿನ್ನೆ ಬೆಳಿಗ್ಗೆ ಉಷಾಳಿಗೆ ಫೋನ್ ಮಾಡಿದೆ. ನಾಲ್ಕು ಪೀಠಿಕೆ ಸಿದ್ಧಮಾಡಿಕೊಂಡಿದ್ದೆ. ಯಾವುದೂ ಬಾಯಿಗೆ ಬರಲಿಲ್ಲ.

"ಉಷಾ, ಆ ಹಾಳಿ ತಪ್ಪು ಎಳದಾಂವ ನಾ. ನಿಮ್ಮಪ್ಪನ ನಕಾಶಿ ಸರಿ ಇತ್ತು. ಅವರಿಗೆ ಮರುದಿನಾನ ಗೊತ್ತಾಗಿತ್ತು."

ಅವಳ ಕಡೆ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತ ಹೋಯಿತು.

"ಸಣ್ಣಾಕಿ ಇದ್ದಾಗ ನಂಗ ಕುಣ್ಯಾದು ಕಲಿಸ್ರಿ ಅಂತ ಹಟ ಮಾಡೀನಿ ಕಾಕಾ" ಎಂದಳು. "ಬಾಬಾ ಏನಂದ್ರು ಗೊತ್ತದ? ನಂಗ ಎಡ-ಬಲ ತಿಳ್ಯಲ್ಲವ್ವಾ, ನಿಂಗೂ ನಗ್ತಾರ ಅಂದ್ರು. ನಾ ಅದು ಖರೇ ಅಂತ ತಿಳ್ದಿದ್ದೆ. ಇವತ್ತಿನ ತನಕ."

ನಾನು ಏನೋ ಹೇಳಲು ಹೋದೆ. ಕ್ಷಮೆ ಕೇಳುವ ಮಾತೇ ಇರಬೇಕು, ಆದರೆ ಅದು ವಾಕ್ಯವಾಗಿ, ಅಲಂಕಾರವಾಗಿ ಬರತೊಡಗಿತ್ತು.

"ರಾಹು ದ್ಯಾ, ಇರ್ಲಿ ಬಿಡ್ರಿ, ಈಗ ಬ್ಯಾಡ್ರಿ" ಎಂದಳು. "ಬರೀರಿ ಅಷ್ಟೇ. ಛಂದ ಮಾಡಿ ಬರೀಬ್ಯಾಡ್ರಿ."

ಛಂದ ಮಾಡದೆ ಬರೆಯುವುದು ಎಷ್ಟು ಕಷ್ಟ ಎಂದು ಈ ವಯಸ್ಸಿನಲ್ಲಿ ಕಲಿತೆ. ಮೊದಲ ಸಲ ಎರಡು ಪುಟ ಆಯಿತು, ಅದರಲ್ಲಿ ಮೂರು ಕಡೆ ನಾನೇ ನಕ್ಕೆ. ಹರಿದೆ. ಎರಡನೆಯದರಲ್ಲಿ ನನ್ನ ಪಶ್ಚಾತ್ತಾಪ ಮಾಸ್ತರರಿಗಿಂತ ದೊಡ್ಡದಾಗಿ ಕಂಡಿತು. ಅದನ್ನೂ ಹರಿದೆ. ಕೊನೆಗೆ ಉಳಿದದ್ದು ಆರು ಸಾಲು: ಮಾಸ್ತರರು ಯಾರು, ಹೇಗೆ ನಕಾಶೆ ಎಳೆಯುತ್ತಿದ್ದರು, ಅವರ ಪೈಠಣಿ ಸರಿಯಾಗಿತ್ತು, ಪ್ರತಿಯಲ್ಲಿ ಗೆರೆ ತಿರುವಿದವನು ನಾನು, ಅವರನ್ನು ನೋಡಿ ನಗುವಂತೆ ಬರೆದವನೂ ನಾನು. ಕೆಳಗೆ ನನ್ನ ಹೆಸರು.

ಇಂದು ಬೆಳಿಗ್ಗೆ ಅವಳಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ.

"ಇನ್ನೊಮ್ಮೆ ಓದ್ರಿ" ಎಂದಳು.

ಓದಿದೆ.