ಸಂಡೂರಿನ ಗುಡ್ಡದಲ್ಲಿ ಎಲ್ಲರಿಗಿಂತ ಮುಂದೆ ಓಡಿದವನು

ಶನಿವಾರ ಬೆಳಿಗ್ಗೆ ಹೊಸಪೇಟೆಯಲ್ಲಿ ಬಸ್ಸಿನಿಂದ ಇಳಿದಾಗ ಚಳಿಯಿತ್ತು. ಎರಡು ದಿನದ ಗುಡ್ಡಗಾಡು ಓಟದ ವರದಿಗೆ ಬಂದಿದ್ದೆ. ಮೊದಲ ದಿನ ಹಂಪಿಯಲ್ಲಿ ಐದು ಮತ್ತು ಹತ್ತು ಕಿಲೋಮೀಟರ್, ಭಾನುವಾರ ಸಂಡೂರಿನ ಗುಡ್ಡಗಳಲ್ಲಿ ಇಪ್ಪತ್ತೈದು ಮತ್ತು ಐವತ್ತು. ಹಂಪಿಯ ಓಟ ಬಿಸಿಲೇರುವ ಮೊದಲೇ ಮುಗಿಯಿತು. ಬಂಡೆಗಳ ಮೇಲೆ ಇಬ್ಬರು ಜಾರಿ ಮೊಣಕಾಲು ತರಚಿಕೊಂಡದ್ದು ಬಿಟ್ಟರೆ ಬರೆಯುವಂಥದ್ದೇನೂ ಇರಲಿಲ್ಲ.

ಮಧ್ಯಾಹ್ನ ಹೊಸಪೇಟೆಯಿಂದ ಸಂಡೂರಿಗೆ ಬಸ್ ಹಿಡಿದೆ. ಒಂದು ಗಂಟೆಯ ದಾರಿ, ಅದಿರು ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಇನ್ನೂ ಹೆಚ್ಚು. ಎದುರಿನ ಸೀಟಿನಲ್ಲಿ ಕಂಪ್ಲಿಯ ಅಕ್ಕ-ತಮ್ಮ ಕುಳಿತಿದ್ದರು. ತಮ್ಮ ಮಲ್ಲೇಶ ಐವತ್ತು ಕಿಲೋಮೀಟರ್ ಓಡುವವನು. ಅಕ್ಕ ರೇಣುಕಾ ಮಂಡಕ್ಕಿಯ ಪೊಟ್ಟಣ ನನ್ನತ್ತ ಚಾಚಿದರು.

"ವಾರೆಲ್ಲಾ ರೈಸ್ ಮಿಲ್ಲಿನ್ಯಾಗ ಚೀಲ ಹೊರತಾನ್ರಿ. ಭಾನುವಾರರ ಮಲ್ಕೊಳ್ಳಲೇ ಅಂದ್ರ ಗುಡ್ಡ ಹತ್ತಾಕ ಹೊಂಟಾನ."

"ನೀ ಯಾಕ ಬಂದಿ ಮತ್ತ?" ಎಂದ ಮಲ್ಲೇಶ.

"ಸಂಡೂರು ನೋಡಾಕ. ನಿನ್ನ ಮಾರಿ ಮನ್ಯಾಗ ದಿನಾ ಕಾಣತೈತಿ."

ಸಂಜೆ ಓಟಗಾರರಿಗೆ ಸೂಚನೆ ಕೊಟ್ಟರು. ಆಯೋಜಕರು ಹೊರಗಿನಿಂದ ಬಂದವರು. "ಕಾಲುದಾರಿ ನಂಬಬೇಡಿ, ಗಿಡಕ್ಕೆ ಕಟ್ಟಿದ ಕೆಂಪು ಪಟ್ಟಿ ನಂಬಿ. ಕವಲು ಬಂದಲ್ಲೆಲ್ಲ ನಮ್ಮವರು ನಿಂತಿರುತ್ತಾರೆ" ಎಂದರು.

ಭಾನುವಾರ ಮಂಜು ಕವಿದಿತ್ತು. ನಸುಕಿನಲ್ಲೇ ಓಟ ಶುರುವಾಯಿತು. ಮೊದಲ ನೀರಿನ ಮೇಜನ್ನು ಮಲ್ಲೇಶ ನಿಲ್ಲದೆ ದಾಟಿದ, ಹಿಂದೆ ಯಾರೂ ಕಾಣುತ್ತಿಲ್ಲ ಎಂದು ಫೋನಿನಲ್ಲಿ ಸುದ್ದಿ ಬಂತು. ರೇಣುಕಾ ಮೈದಾನದಲ್ಲಿ ಓಟ ಮುಗಿಯುವ ಕಮಾನಿನ ಪಕ್ಕದಲ್ಲೇ ಕುಳಿತರು.

ಇಪ್ಪತ್ತೈದರವರು ಬಂದು ಮುಗಿದರು. ಬಿಸಿಲೇರಿದ ಮೇಲೆ ಐವತ್ತರ ಮೊದಲಿಗ ಬಂದ. ಅವನು ಮಲ್ಲೇಶನಲ್ಲ.

"ನಮ್ಮ ಮಲ್ಲೇಶ ಹಿಂದದಾನೇನ್ರಿ?" ರೇಣುಕಾ ಕೇಳಿದರು.

"ಅವರು ನನಗಿಂತ ಮುಂದಿದ್ರಲ್ವಾ?" ಎಂದ ಆತ.

ಫೋನ್ ಮಾಡಿ ವಿಚಾರಿಸಿದರೆ, ಎರಡನೇ ನೀರಿನ ಮೇಜಿಗೆ ಮಲ್ಲೇಶ ಬಂದೇ ಇರಲಿಲ್ಲ. ಅಲ್ಲಿದ್ದವರು ಓಟ ಬಿಟ್ಟಿರಬೇಕೆಂದುಕೊಂಡಿದ್ದರು. ಆಯೋಜಕರೂ ಅದನ್ನೇ ಹೇಳಿದರು: "ಸುಸ್ತಾಗಿ ಎಲ್ಲೋ ಇಳಿದಿರ್ತಾರೆ, ಬರ್ತಾರೆ ಬಿಡಿ."

"ಬಿಟ್ಟು ಇಳಿಯೋ ಪೈಕಿ ಅಲ್ರಿ ಅವ. ಮದ್ಲ ಹುಡುಕ್ರಿ."

ಜೀಪಿನಲ್ಲಿ ನಾನೂ ಹೋದೆ. ಹಳೆಯ ಗಣಿಯ ಮೇಲ್ಗಡೆ ದಾರಿ ಕವಲೊಡೆಯುತ್ತಿತ್ತು. ಅಲ್ಲಿ ನಿಲ್ಲಬೇಕಿದ್ದ ಸ್ವಯಂಸೇವಕ ಹೇಳಿದ ಹೊತ್ತಿಗೇ ಬಂದಿದ್ದ. ಮಲ್ಲೇಶ ಅದಕ್ಕೂ ಮೊದಲೇ ಅಲ್ಲಿಗೆ ತಲುಪುತ್ತಾನೆಂದು ಯಾರೂ ಲೆಕ್ಕ ಹಾಕಿರಲಿಲ್ಲ. ಹಿಂದಿನವರನ್ನೆಲ್ಲ ಸ್ವಯಂಸೇವಕ ಸರಿಯಾಗಿ ಎಡಕ್ಕೆ ತಿರುಗಿಸಿದ್ದ.

ಬಲಕ್ಕೂ ಕೆಂಪು ಪಟ್ಟಿಗಳಿದ್ದವು. ಗಣಿಯ ಸರ್ವೆಯವರು ಗಡಿ ಗುರುತಿಸಲು ಪೊದೆಗಳಿಗೆ ಕಟ್ಟುವ ಪಟ್ಟಿಗಳವು. ಓಟದ ಪಟ್ಟಿಗಳಿಗೂ ಅವಕ್ಕೂ ವ್ಯತ್ಯಾಸವಿರಲಿಲ್ಲ, ಇವೇ ಹೊಸದಾಗಿ ಹೊಳೆಯುತ್ತಿದ್ದವು. ಅವುಗಳ ಜಾಡು ಹಿಡಿದು ನಡೆದೆವು. ಪೊದೆಗಳು ಮುಗಿದಲ್ಲಿ ನೆಲ ಕಡಿದುಹೋಗಿ ಗಣಿಯ ಆಳ ಹೊಂಡವಿತ್ತು. ಮಂಜಿನಲ್ಲಿ ಆ ಅಂಚು ಕಂಡಿರಲಿಕ್ಕಿಲ್ಲ.

ಮಲ್ಲೇಶ ಕೆಳಗಿನ ಕೆಂಪು ಮಣ್ಣಿನಲ್ಲಿ ಬೋರಲು ಬಿದ್ದಿದ್ದ. ಪೊಲೀಸರು ಬಂದು ಹಗ್ಗ ಇಳಿಸಿ ಮೇಲೆತ್ತುವ ಮೊದಲೇ ಜೀವ ಹೋಗಿತ್ತು.

ಶವದ ವ್ಯಾನ್ ಮೈದಾನಕ್ಕೆ ಬಂದಾಗ ಧ್ವನಿವರ್ಧಕ ನಿಲ್ಲಿಸಿದರು. ರೇಣುಕಾ ಬಟ್ಟೆ ಸರಿಸಿ ತಮ್ಮನ ಮುಖ ನೋಡಿದರು, ಸೆರಗಿನಿಂದ ಹಣೆಯ ಮಣ್ಣು ಒರೆಸಿದರು. ಆಯೋಜಕರಲ್ಲೊಬ್ಬರು ತಲೆ ತಗ್ಗಿಸಿಕೊಂಡು ಒಂದು ಪದಕ ಚಾಚಿದರು.

"ಮುಗಿಸಿಲ್ಲಲ್ರಿ ಅವ," ಎಂದರು ರೇಣುಕಾ. "ಮುಗಿಸಿದವ್ರಿಗೆ ಕೊಡ್ರಿ."

ಅವರು ವ್ಯಾನ್ ಹತ್ತಿದರು. ಅದು ಆಸ್ಪತ್ರೆಯತ್ತ ಹೊರಟ ಮೇಲೆ ನಾನು ಹೊಸಪೇಟೆಯ ಬಸ್ ಹತ್ತಿದೆ. ಬಸ್ ಮೈದಾನವನ್ನು ದಾಟುವಾಗ ಐವತ್ತರ ಕೊನೆಯ ಓಟಗಾರ ಕುಂಟುತ್ತಾ ಕಮಾನಿನ ಕೆಳಗೆ ಬರುತ್ತಿದ್ದ. ಏನೂ ತಿಳಿಯದ ಆತ ಎರಡೂ ಕೈ ಮೇಲೆತ್ತಿ ನಕ್ಕ. ಯಾರೂ ಚಪ್ಪಾಳೆ ತಟ್ಟಲಿಲ್ಲ.