ನೆಗೆಣ್ಣಿಯ ಬಿ.ಎಡ್ ಮತ್ತು ತಿಕೋಟಾದ ಬಸ್ಸು

ಬಿ.ಎಡ್‌ಗೆ ಅರ್ಜಿ ಹಾಕಿದವಳು ನಾನಲ್ಲ, ನನ್ನ ನೆಗೆಣ್ಣಿ. ಅಂದರೆ ನನ್ನ ಗಂಡನ ತಮ್ಮನ ಹೆಂಡತಿ. ಆದರೆ ಆ ಅರ್ಜಿಯ ದಣಿವು ಇನ್ನೂ ನನ್ನ ಮೈಯಿಂದ ಇಳಿದಿಲ್ಲ. ಅವಳು ಚೆನ್ನಾಗಿಯೇ ಇದ್ದಾಳೆ.

ಅವಳು ಘೋಣಸಗಿಯಲ್ಲಿ ಅತ್ತೆ ಮಾವನ ಜೊತೆಗಿದ್ದಾಳೆ. ನಾನು ಗಂಡನ ನೌಕರಿಯ ಕಾರಣಕ್ಕೆ ಬಬಲೇಶ್ವರದಲ್ಲಿ ಮನೆ ಮಾಡಿ, ಅಲ್ಲಿಯೇ ಒಂದು ಪತ್ತಿನ ಸಂಘದ ಕೌಂಟರಿನ ಹಿಂದೆ ಕೂಡುತ್ತೇನೆ. ಬಿ.ಕಾಂ. ಓದಿದವಳು, ಕಂಪ್ಯೂಟರ್ ಬರುತ್ತದೆ. ಹಾಗಾಗಿ ಮನೆಯವರ ಆನ್‌ಲೈನ್ ಕೆಲಸವೆಲ್ಲ ನನ್ನ ಪಾಲಿಗೆ. ನೆಗೆಣ್ಣಿ ಬಿ.ಎ. ಮುಗಿಸಿ ಮದುವೆಯಾಗಿ ಬಂದವಳು. ಬಂದ ವರ್ಷವೇ ಬಿ.ಎಡ್ ಮಾಡುತ್ತೇನೆ ಅಂದಿದ್ದಳು. ಮೊದಲು ಮಗ ಹುಟ್ಟಿದ, ಆಮೇಲೆ ಮಗಳು, ಆಮೇಲೆ ಅತ್ತೆಯ ಮಂಡಿನೋವು. ಮಗಳು ಸಾಲಿಗೆ ಹೋಗಲು ಶುರುಮಾಡಿದ ಮೇಲೆ ಅತ್ತೆ ತಾವಾಗಿಯೇ ಒಂದು ದಿನ ಅಂದರು:

“ಇದೊಂದ ವರ್ಸ ನೋಡು. ಸೀಟ್ ಸಿಕ್ರ ಹೋಗು. ಸಿಗಲಿಲ್ಲಂದ್ರ ಈ ಮನ್ಯಾಗ ಮತ್ತ ಬಿಯೆಡ್ಡಿನ ಮಾತ ಎತ್ತಬ್ಯಾಡ.”

ಅತ್ತೆ ಕೆಟ್ಟವರಲ್ಲ. ಅವರಿಗೆ ಓದಿನ ಮೇಲೆ ಸಿಟ್ಟಿಲ್ಲ, ರಸ್ತೆಯ ಹೆದರಿಕೆ. ಮಗ ತೋಟದಿಂದ ಬರುವುದು ತುಸು ತಡವಾದರೂ ಮಂಡಿ ಹಿಡಿದುಕೊಂಡು ಬಾಗಿಲಿಗೆ ಬಂದು ನಿಲ್ಲುವ ಜೀವ. ಸೊಸೆ ದಿನವೂ ವಿಜಯಪುರಕ್ಕೆ ಹೋಗಿ ಬರುವುದೆಂದರೆ ಅವರಿಗೆ ಎರಡು ವರ್ಷ ಬಾಗಿಲಲ್ಲಿ ನಿಂತಂತೆಯೇ.

ಸಂಘದ ಕೆಲಸ ಮುಗಿದ ಮೇಲೆ ಅಲ್ಲಿಯೇ ಕೂತು ಅವಳ ಅರ್ಜಿ ತುಂಬಿದೆ. ಫೋಟೊ ದೊಡ್ಡದಾಯಿತು ಅಂದಿತು ವೆಬ್‌ಸೈಟು. ಸಣ್ಣದು ಮಾಡಿದರೆ ಸಣ್ಣದಾಯಿತು ಅಂದಿತು. ಗ್ರಾಮೀಣ ಪ್ರಮಾಣಪತ್ರ ಅದಕ್ಕೆ ಏರುವಷ್ಟರಲ್ಲಿ ಕರೆಂಟು ಹೋಯಿತು. ನೆಗೆಣ್ಣಿ ಫೋನಿನಲ್ಲಿ, “ಅಕ್ಕಾರ, ಏರಿತೇನ್ರಿ? ಈಗಾರ ಏರಿತೇನ್ರಿ?” ಅಂತ ಕೇಳುತ್ತಲೇ ಇದ್ದಳು. “ಏರಿದ್ರ ನಾನ ಹೇಳ್ತೇನಿ, ಸುಮ್ಮನ ರೊಟ್ಟಿ ಬಡಿ ಹೋಗು” ಅಂತ ರೇಗಿದೆ. ಕೊನೆಗೆ ಏರಿತು. ಕೆಲವು ವಾರಗಳ ನಂತರ ಪಟ್ಟಿಯಲ್ಲಿ ಅವಳ ಹೆಸರು ಬಂತು. ಮೂಲ ದಾಖಲೆಗಳನ್ನು ತಂದು ವಿಜಯಪುರದಲ್ಲಿ ತೋರಿಸಬೇಕು, ಆ ದಿನ ಬಾರದಿದ್ದರೆ ಸರದಿ ಹೋಗುತ್ತದೆ ಎಂದು ಬರೆದಿತ್ತು.

ಅವಳ ಗಂಡನಿಗೆ ಬರಲಾಗಲಿಲ್ಲ. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟ್ನಿ ನಡೆದಿತ್ತು. ಆಳುಗಳು ಸಿಕ್ಕ ದಿನ ತೋಟ ಬಿಟ್ಟು ಯಾರೂ ಕದಲುವುದಿಲ್ಲ. ನಾನು ರಜೆ ಹಾಕಿ ಬಬಲೇಶ್ವರದಿಂದ ತಿಕೋಟಾಕ್ಕೆ ಬಂದೆ. ಅವಳು ಘೋಣಸಗಿಯಿಂದ ಟಂಟಂ ಆಟೋ ಹತ್ತಿ ಬಂದಿಳಿದಳು. ಹೊಸದಾಗಿ ಇಸ್ತ್ರಿ ಮಾಡಿದ ಸೀರೆ, ಎದೆಗೆ ಅವಚಿ ಹಿಡಿದ ಬಟ್ಟೆಯ ಚೀಲ. ಚೀಲದೊಳಗೆ ಹತ್ತನೆಯ ತರಗತಿಯಿಂದ ಬಿ.ಎ. ತನಕದ ಅಂಕಪಟ್ಟಿಗಳು, ಜಾತಿ ಪ್ರಮಾಣಪತ್ರ, ಎಲ್ಲವೂ ಮೂಲಪ್ರತಿ. “ಟಂಟಂದಾಗ ಒಬ್ಬಾಕಿ ಚೀಲ ಕೆಳಗಿಡಬೇ ಅಂದ್ಲರಿ. ನನ್ನ ಕೂಸನಾರ ಇಡತೇನಿ, ಇದನ್ನ ಇಡಾಂಗಿಲ್ಲ ಅಂದೆ” ಅಂತ ನಕ್ಕಳು.

ನಮ್ಮ ಕಡೆ ಬಸ್ಸು ಹತ್ತುವುದು ಹೇಗೆಂದು ಗೊತ್ತಿಲ್ಲದವರಿಗೆ ಹೇಳಬೇಕು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಮಂದಿ ಅದರ ಜೊತೆ ಓಡುತ್ತ ಕಿಟಕಿಯೊಳಗೆ ಟವೆಲ್ಲು, ಕರವಸ್ತ್ರ, ಟೋಪಿ, ಏನಾದರೊಂದು ಒಗೆಯುತ್ತಾರೆ. ಯಾವ ಜಾಗದಲ್ಲಿ ಅದು ಬಿತ್ತೋ ಆ ಜಾಗ ಒಗೆದವರದು. ಆಮೇಲೆ ನಿಧಾನವಾಗಿ ಬಾಗಿಲಿನಿಂದ ಹತ್ತಿ ಬಂದರೂ ಅದರ ಮೇಲೆ ಯಾರೂ ಕೂತಿರುವುದಿಲ್ಲ. ಕೂಡಲು ಬಂದವರಿಗೆ ಪಕ್ಕದವನೇ, “ಇಲ್ಲಿ ಮಂದಿ ಅದಾರ್ರಿ” ಅನ್ನುತ್ತಾನೆ. ಟವೆಲ್ಲು ಯಾರದೆಂದು ಅವನಿಗೂ ಗೊತ್ತಿರುವುದಿಲ್ಲ. ನೆಗೆಣ್ಣಿ ಕಾಲೇಜಿಗೆ ಹೋಗುವಾಗ ಈ ವಿದ್ಯೆಯಲ್ಲಿ ಪಳಗಿದವಳು. ಇಡೀ ಗೆಳತಿಯರ ಗುಂಪಿಗೆ ಇವಳೇ ಜಾಗ ಹಿಡಿಯುತ್ತಿದ್ದಳಂತೆ.

ಬಸ್ಸು ಬಂದಾಗ ನಿಲ್ದಾಣದ ಮಂದಿಯೆಲ್ಲ ಅದರ ಕಡೆ ವಾಲಿತು. ಹೆಂಗಸರೇ ಹೆಚ್ಚು. “ಅಕ್ಕಾರ, ನೀವು ಬಾಗಲ ಕಡೆ ಹೋಗ್ರಿ. ಜಾಗಾ ನಾ ಹಿಡೀತೇನಿ” ಅಂತ ಅವಳು ಕಿಟಕಿಗಳ ಕಡೆ ಓಡಿದಳು. ಓಡುತ್ತ ಓಡುತ್ತ ಕೈ ಎತ್ತಿದಳು. ಒಗೆದದ್ದು ಚೀಲವನ್ನು.

ಬೇರೆ ಏನೂ ಅವಳ ಕೈಯಲ್ಲಿ ಇರಲಿಲ್ಲ. ಯೋಚನೆ ಮಾಡಿ ಒಗೆದದ್ದೂ ಅಲ್ಲ. ಬಸ್ಸು ಕಂಡರೆ ಕೈ ತಾನೇ ಮಾಡುವ ಕೆಲಸವದು. ಚೀಲ ಕಿಟಕಿಯೊಳಗೆ ಸರಿಯಾಗಿ ಹೋಗಿ ಬಿತ್ತು. ಅವಳು ನನ್ನ ಕಡೆ ತಿರುಗಿ ನಗಲು ಶುರುಮಾಡಿದ್ದಳು. ಅಷ್ಟರಲ್ಲಿ ಮುಖ ಬಿಳಚಿಕೊಂಡಿತು. ಏನು ಒಗೆದೆನೆಂದು ಆಗ ತಿಳಿಯಿತು.

ಬಸ್ಸು ನಿಲ್ಲಲಿಲ್ಲ. ಹಿಂದೆ ಇನ್ನೊಂದು ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅದಕ್ಕೆ ದಾರಿ ಬಿಡಲು ಡ್ರೈವರ್ ಇನ್ನಷ್ಟು ಮುಂದೆ ಎಳೆದುಕೊಂಡ. ಎಲ್ಲರಿಗೂ ಅದು ಗೊತ್ತಾಗುವಂತಿತ್ತು. ಅವಳಿಗೆ ಮಾತ್ರ ತನ್ನ ಚೀಲ ವಿಜಯಪುರಕ್ಕೆ ಒಂಟಿಯಾಗಿ ಹೊರಟಂತೆ ಕಂಡಿರಬೇಕು. ಓಡಿದಳು. ಬಾಗಿಲಿನ ಕಂಬಿ ಕೈಗೆ ಸಿಕ್ಕಿತು, ಮೆಟ್ಟಿಲಿಗೆ ಕಾಲು ಸಿಗಲಿಲ್ಲ. ಮೆಟ್ಟಿಲ ಮೇಲೆ ಆಗಲೇ ಮೂರು ನಾಲ್ಕು ಮಂದಿ ಜೋತುಬಿದ್ದಿದ್ದರು. ಕಂಬಿ ಹಿಡಿದುಕೊಂಡೇ ಅವಳು ಕೆಳಗೆ ಜಾರಿದಳು. ಸೀರೆ, ಕಾಲು, ಚಪ್ಪಲಿ ಎಲ್ಲ ಹಿಂದಿನ ಗಾಲಿಯ ಕಡೆಗೆ ಸರಿಯುತ್ತ ಹೋದವು.

ನಾನು ಕೂಗಲಿಲ್ಲ. ಕೂಗಿದೆ ಅಂದುಕೊಂಡಿದ್ದೆ, ಬಾಯಿಂದ ದನಿಯೇ ಬಂದಿರಲಿಲ್ಲ. ಯಾರೋ ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದರು. ಆಮೇಲೆ ಎಲ್ಲರೂ ಬಡಿದರು. “ಹೋಲ್ಡಾನ್! ಹೋಲ್ಡಾನ್! ಹೆಣ್ಮಗಳು ಬಿದ್ದಾಳ!” ಗಾಲಿ ನಿಂತಿತು.

ಕಂಡಕ್ಟರ್ ಇಳಿದು ನೆಲಕ್ಕೆ ಬಗ್ಗಿ ನೋಡಿ, “ಕಾಲು ಹೊರಗೈತಿ. ಸೀರಿ ಅಷ್ಟ ಸಿಕ್ಕೈತಿ” ಅಂದ. ಸೀರೆಯ ಅಂಚು ಮತ್ತು ಒಂದು ಚಪ್ಪಲಿ ಗಾಲಿಯ ಕೆಳಗಿದ್ದವು. ಅವಳ ಪಾದ ಗಾಲಿಯ ಪಕ್ಕದಲ್ಲಿ, ಮಗುವಿನ ಕಿರುಬೆರಳು ಮಾತ್ರ ಹಿಡಿಸುವಷ್ಟು ದೂರದಲ್ಲಿತ್ತು. ಕಾಲುಂಗುರಕ್ಕೆ ಮಣ್ಣು ಮೆತ್ತಿತ್ತು. ಇಬ್ಬರು ಹೆಂಗಸರು ಅವಳನ್ನು ಹಿಡಿದುಕೊಂಡರು, ಬಸ್ಸು ತುಸು ಹಿಂದೆ ಸರಿಯಿತು, ಅವಳನ್ನು ಎಳೆದು ಕೂಡಿಸಿದರು.

ಒಬ್ಬ ಮುದುಕ ಬೈದ: “ಏನಬೇ ಯವ್ವಾ, ಬಸ್ಸಿನಾಗ ಜಾಗಾ ಸಾಲಲಿಲ್ಲಂತ ಗಾಲಿ ಬುಡಕ ಕುಂಡ್ರಾಕ ಹೊಂಟಿದ್ದೇನ?”

“ನನ್ನ ಚೀಲ ಒಳಗೈತ್ರಿ ಯಪ್ಪಾ” ಅಂದಳು ಅವಳು.

“ಚೀಲ ಎಲ್ಲಿಗೆ ಹೋಕ್ಕೈತಿ? ನೀನ ಹೊಂಟಿದ್ದೆಲ್ಲ!”

ಮನೆಗೆ ಹೋಗೋಣ ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಕಂಡಕ್ಟರ್‌ಗೂ ಬೆವರು ಇಳಿಯುತ್ತಿತ್ತು. “ಬರೂದಿದ್ರ ಬರ್ರಿ, ಇಲ್ಲಂದ್ರ ಚೀಲಾ ಇಸ್ಕೊಡತೇನಿ, ಮನಿಗೆ ಹೋಗ್ರಿ. ಇಲ್ಲೇ ನಿಂತ್ರ ನನಗೂ ಕೈಕಾಲ ಆಡಾಂಗಿಲ್ಲ” ಅಂದ. ಅವಳು ಒಂದು ಕಾಲಿನ ಚಪ್ಪಲಿಯಲ್ಲೇ ಎದ್ದು ಬಸ್ಸು ಹತ್ತಿದಳು. ನಾನು ಹಿಂದೆ ಹತ್ತಿದೆ; ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಒಳಗೆ ಕಾಲಿಡಲು ಜಾಗವಿರಲಿಲ್ಲ, ಆದರೆ ಅವಳ ಜಾಗ ಖಾಲಿ ಇತ್ತು. ಚೀಲ ಅಲ್ಲಿಯೇ ಕೂತಿತ್ತು. ಕಿಟಕಿಯ ಪಕ್ಕದ ಮನುಷ್ಯ ಅದರ ಮೇಲೆ ಅಂಗೈ ಇಟ್ಟುಕೊಂಡಿದ್ದ. “ಇಬ್ಬರು ಬಂದಿದ್ರು, ಮಂದಿ ಅದಾರ ಅಂತ ಕಳಿಸೇನ್ರಿ” ಅಂದ. ಹೊರಗೆ ಏನಾಯಿತೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಕೂತು, ಚೀಲ ಬಿಚ್ಚಿ, ಒಂದೊಂದೇ ಹಾಳೆ ತಿರುವಿ ನೋಡಿ, ಮತ್ತೆ ಮುಚ್ಚಿ, ಆಮೇಲೆ ನನ್ನ ಮುಖ ನೋಡಿದಳು. “ಅಕ್ಕಾರ, ನೀವ ಕುಂಡ್ರಿ. ನಿಮ್ಮ ಮಾರಿ ನೋಡಾಕ ಆಗವಲ್ದು.” ನಾನು ಕೂತೆ. ಅವಳು ನಿಂತುಕೊಂಡು ಬಂದಳು.

ವಿಜಯಪುರದಲ್ಲಿಳಿದು ಗಾಂಧಿ ಚೌಕದಲ್ಲಿ ಚಪ್ಪಲಿ ಕೊಂಡೆವು. ಅಂಗಡಿಯವನು ಅವಳ ಕಾಲು ನೋಡಿ, “ಇನ್ನೊಂದ ಎಲ್ಲಿ ಬಿಟ್ರಿ ಅಕ್ಕಾರ?” ಅಂದ.

“ತಿಕೋಟಾದಾಗ.”

“ಹಂಗಾರ ಒಂದ ಕೊಡ್ಲೇನ್ರಿ?”

ಅವಳು ನಕ್ಕು ಚೌಕಾಸಿ ಮಾಡತೊಡಗಿದಳು. ನಾನು ಅಂಗಡಿಯ ಕಂಬಕ್ಕೆ ಒರಗಿ ನಿಂತೆ. ಆಟೋಗಳು ಸೆರಗಿಗೆ ತಾಗುವಷ್ಟು ಹತ್ತಿರ ಹೋಗುತ್ತಿದ್ದವು. ಪ್ರತಿ ಗಾಲಿಯನ್ನೂ ನೋಡುತ್ತಿದ್ದೆ. ಸೀರೆಯ ಹರಿದ ಅಂಚನ್ನು ಅವಳು ಒಳಗೆ ಮಡಚಿ ಪಿನ್ನು ಹಾಕಿಕೊಂಡಳು.

ಪರಿಶೀಲನೆಯ ಸಭಾಂಗಣದಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಮೇಜಿನ ಹಿಂದಿನವರು ಮೂಲಪ್ರತಿ, ಜೆರಾಕ್ಸು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಅವಳು ಕೇಳಿದ್ದನ್ನು ಕೇಳಿದ ಕೂಡಲೇ ತೆಗೆದು ಕೊಟ್ಟಳು. ನಾನು ನೀರಿನ ಬಾಟಲಿ ಬಿಚ್ಚಲು ಹೋಗಿ ಅರ್ಧ ನೀರು ನೆಲಕ್ಕೆ ಚೆಲ್ಲಿದೆ.

“ಕ್ಯಾಂಡಿಡೇಟ್ ನೀವೇನ್ರಿ?” ಅಂತ ಅವರು ನನ್ನನ್ನು ಕೇಳಿದರು.

“ಅಲ್ರಿ, ಇವಳು.”

“ಮತ್ತ ನೀವ್ಯಾಕ ಹಿಂಗ ನಡಗಾಕತ್ತೀರಿ? ಓದೂದು ಅವರ್ರಿ!”

ಹಿಂದೆ ನಿಂತವರು ನಕ್ಕರು. ಅವಳೂ ನಕ್ಕಳು. ಸಹಿ ಮಾಡುವಾಗ ಅವಳ ಕೈ ತುಸುವೂ ಅಲುಗಲಿಲ್ಲ.

ಮರಳುವ ಮುನ್ನ ಸಿದ್ಧೇಶ್ವರ ಗುಡಿಯ ಹತ್ತಿರ ಚಹಾ ಕುಡಿದೆವು. ಕೈ ಮುಗಿದು ಬಂದ ಮೇಲೆ ಅವಳು ಮೆಲ್ಲಗೆ ಅಂದಳು, “ಅಕ್ಕಾರ, ಮನ್ಯಾಗ ಹೇಳಬ್ಯಾಡ್ರಿ.”

“ನಿನ್ನ ಗಂಡಗಾರ?”

“ಅವರಿಗೆ ಹೇಳಿದ್ರ ಅತ್ತಿಯವರಿಗೆ ಹೇಳಿದಂಗ. ಅತ್ತಿಯವರಿಗೆ ಗೊತ್ತಾತಂದ್ರ ಮುಗೀತು. ಸೀಟ್ ಮನಿಗೆ ಬಂದ್ರೂ ನಾ ಹೊರಗ ಬೀಳಾಂಗಿಲ್ಲ.”

“ನೀ ಸತ್ತಿದ್ರ?”

“ಸತ್ತಿಲ್ಲಲ್ರಿ” ಅಂದಳು. ಕೊನೆಯ ಗುಟುಕು ಕುಡಿದು ಚಹಾದ ಲೋಟ ಕೆಳಗಿಟ್ಟಳು. “ಎಷ್ಟ ವರ್ಸ ಆತ್ರಿ ನಾ ಕಾಯಾಕತ್ತು.”

ಹೇಳುವುದಿಲ್ಲ ಅಂದೆ. ಆ ಮಾತಿಗೆ ಇಷ್ಟು ಭಾರವಿರುತ್ತದೆ ಅಂದುಕೊಂಡಿರಲಿಲ್ಲ. ಮನೆಯಲ್ಲಿ ಹೊಸ ಚಪ್ಪಲಿ ಕಂಡು ಅತ್ತೆ ಕೇಳಿದಾಗ ಅವಳು “ಹಳೇವು ಹರದೂರಿ” ಅಂದಳಂತೆ. ನನ್ನ ಗಂಡನಿಗೂ ನಾನು ಹೇಳಲಿಲ್ಲ. ಕೌಂಟರಿನಲ್ಲಿ ಪಾಸ್‌ಬುಕ್ಕಿಗೆ ಮುದ್ರೆ ಒತ್ತುವಾಗ, ಹೊರಗೆ ಬಸ್ಸು ಬ್ರೇಕು ಹಾಕಿದರೆ ಆ ಪಾದ ಕಾಣುತ್ತಿತ್ತು. ಒಮ್ಮೆ ಗಾಲಿ ಆಗ ನಿಂತಲ್ಲಿಯೇ ನಿಲ್ಲುತ್ತಿತ್ತು. ಒಮ್ಮೆ ನಿಲ್ಲುತ್ತಲೇ ಇರಲಿಲ್ಲ. ಮೊದಲು ತಗಡು ಬಡಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅವರು ಆ ಹೊತ್ತಿಗೆ ಬೀಡಿ ಹಚ್ಚುತ್ತ ಬೇರೆ ಕಡೆ ನೋಡುತ್ತಿದ್ದರೆ ಎಂಬಲ್ಲಿಗೆ ಬಂದು ನನ್ನ ತಲೆ ನಿಂತುಬಿಡುತ್ತಿತ್ತು. ಗ್ರಾಹಕರು, “ಮೇಡಂ, ಆತೇನ್ರಿ?” ಅಂತ ಎರಡೆರಡು ಸಲ ಕೇಳಬೇಕಾಗುತ್ತಿತ್ತು. ನೆಗೆಣ್ಣಿಗೆ ಫೋನಿನಲ್ಲಿ, ನಿನಗೆ ಅದು ನೆನಪಾಗುವುದಿಲ್ಲವೇ ಅಂತ ಕೇಳಿದೆ. “ನನಗ ಚೀಲ ಒಂದ ಕಾಣತಿತ್ತರಿ ಅಕ್ಕಾರ. ಬ್ಯಾರೆ ಏನೂ ಕಾಣಲಿಲ್ಲ” ಅಂದಳು. ಕಂಡದ್ದೆಲ್ಲ ನನಗೆ.

ಅರ್ಜಿಯಲ್ಲಿ ಕೊಟ್ಟದ್ದು ನನ್ನ ನಂಬರು. ವಿಜಯಪುರದ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಸೋಮವಾರದೊಳಗೆ ಹೋಗಿ ಸೇರಬೇಕು ಎಂಬ ಸಂದೇಶ ನನ್ನ ಫೋನಿಗೇ ಬಂತು. ಓದಿದೆ. ಫೋನು ಬೋರಲು ಹಾಕಿ, ಮುಂದೆ ನಿಂತಿದ್ದ ಒಬ್ಬರ ಕೆಲಸ ಮುಗಿಸಿ ಕೊಟ್ಟೆ. ಆಮೇಲೆ ಅವಳಿಗೆ ಫೋನು ಹಚ್ಚಿದೆ. ಆ ಕಡೆಯಿಂದ ಮೂಗು ಎಳೆದುಕೊಳ್ಳುವ ಸದ್ದು ಬಂತು.

ಆ ರವಿವಾರ ಘೋಣಸಗಿಗೆ ಹೋದೆ. ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಒಳಗೆ ನೆಗೆಣ್ಣಿ ರೊಟ್ಟಿ ಬಡಿಯುವ ಸಪ್ಪಳ. ಅತ್ತೆ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು.

“ನೋಡವಾ, ನೀ ಆಕಿ ಸಂಗಾಟ ಹೋಗಿ ಬಂದಿ. ಬಸ್ ನೋಡೀದಿ, ಮಂದಿ ನೋಡೀದಿ. ನೀನೂ ಕಲತಾಕಿ. ದಿನಾ ಹೋಗಿ ಬರಾಕ ಭಯ ಏನಿಲ್ಲೇನ? ನೀ ಕಳಸ್ರಿ ಅಂದ್ರ ಕಳಸ್ತೇನಿ, ಬ್ಯಾಡ ಅಂದ್ರ ಬ್ಯಾಡ. ನಿನ್ನ ಮ್ಯಾಲ ಬಿಟ್ಟೇನಿ.”

ಒಳಗೆ ರೊಟ್ಟಿಯ ಸಪ್ಪಳ ನಿಂತಿತು.

ಬೇಡ ಅನ್ನುವುದು ಎಷ್ಟು ಸುಲಭವಿತ್ತು. ಅಂದಿದ್ದರೆ ನನ್ನ ತಲೆಯೊಳಗಿನ ಗಾಲಿ ಅವತ್ತೇ ನಿಲ್ಲುತ್ತಿತ್ತೇನೋ. ಅತ್ತೆ ಬಾಗಿಲಲ್ಲಿ ನಿಲ್ಲುವುದೂ ತಪ್ಪುತ್ತಿತ್ತು. ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅವಳು ತಿರುವಿ ಹಾಕುತ್ತಿರಲಿಲ್ಲ.

“ಭಯ ಇಲ್ಲ ಅಂತ ನಾ ಹೆಂಗ ಹೇಳಲ್ರಿ ಅತ್ತಿ” ಅಂದೆ. “ಮಂದಿ ಭಾಳ ಇರತೈತಿ. ಆದ್ರೂ ಕಳಸ್ರಿ.”

ಅತ್ತೆ ನನ್ನ ಮುಖವನ್ನೇ ನೋಡಿದರು. ಇನ್ನೇನೋ ಕೇಳುತ್ತಾರೆ ಅಂದುಕೊಂಡೆ. ಕೇಳಿದ್ದರೆ ನಾನು ಎಲ್ಲವನ್ನೂ ಹೇಳಿಬಿಡುತ್ತಿದ್ದೆ. ಅವರು ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗಿನವಳನ್ನು ಕೂಗಿದರು:

“ಏನಬೇ, ರೊಟ್ಟಿ ಹೊತ್ತಾಕತ್ತೈತಿ, ಮೂಗ ಇಲ್ಲೇನ ನಿನಗ? ನಾಳಿ ಎಷ್ಟೊತ್ತಿಗೆ ಬಿಡತಿ ಹೇಳು, ಹುಡುಗರ ಬುತ್ತಿ ನಾ ಕಟ್ಟತೇನಿ.”

“ಏಳಕ್ಕರಿ ಅತ್ತಿ” ಅಂತ ಒಳಗಿನಿಂದ ಬಂತು. ಕೂಡಲೇ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು, ಮೊದಲಿಗಿಂತ ಜೋರಾಗಿ. ನಾನು ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದೆ.