ಬೋರೆ ಮರದ ಕೆಳಗಿನ ಜಾಗ

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಜಾಗ ಆರಿಸುವ ಅಧಿಕಾರ ರೊಸಲಿನ್‌ಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಗಲ್ಫಿನಲ್ಲಿ ಅಲ್ ಬರ್ಷಾದ ಫ್ಲಾಟು, ಅದರೊಳಗೆ ಫ್ರಿಜ್ ಇಡುವ ಮೂಲೆ, ಚರ್ಚಿನಲ್ಲಿ ಕೂರುವ ಬೆಂಚು, ಮಾಲ್‌ನಲ್ಲಿ ಕಾರು ನಿಲ್ಲಿಸುವ ಕಂಬ, ಎಲ್ಲವೂ ಗಂಡ ಮಾರ್ಸೆಲನ ಆಯ್ಕೆ. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವಳು ಸೀನಿಯರ್ ನರ್ಸು. ಯಾರನ್ನು ಮೊದಲು ಒಳಗೆ ಬಿಡಬೇಕು, ಯಾರು ಹೊರಗೆ ಕಾಯಬಹುದು ಎಂದು ನಿಂತ ನಿಲುವಿನಲ್ಲಿ ತೀರ್ಮಾನಿಸುವವಳು. ಡಾಕ್ಟರುಗಳೂ ಎದುರಾಡುತ್ತಿರಲಿಲ್ಲ. ಮನೆಗೆ ಬಂದಾಗ ಮಾತ್ರ ಚಪ್ಪಲಿಯ ಜೊತೆ ಆ ದನಿಯನ್ನೂ ಬಾಗಿಲ ಹೊರಗೆ ಬಿಡುತ್ತಿದ್ದಳು. ಅವಳ ತಾಯಿ ಗಂಡನನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ರೊಸಲಿನ್ ಕೂಡ ಮಾರ್ಸೆಲನನ್ನು ಕರೆಯುವುದು ‘ಕೇಳಿತಾ’ ಎಂದೇ. ಮಾರ್ಸೆಲ್ ಕೆಟ್ಟವನಲ್ಲ. ತನಗೆ ಗೊತ್ತಿಲ್ಲದ್ದೂ ಒಂದಿಷ್ಟು ಇರಬಹುದು ಎಂದು ಅವನಿಗೆ ಯಾವತ್ತೂ ಅನಿಸಿರಲಿಲ್ಲ, ಅಷ್ಟೇ.

ಮಗಳು ಜೋಯ್ಲಿನ್‌ಳ ಪರೀಕ್ಷೆ ಮುಗಿದ ವಾರ, ಮಾರ್ಸೆಲ್ ಕೆಲಸ ಮಾಡುವ ಹೋಟೆಲಿನ ಗೆಳೆಯನೊಬ್ಬ ತನ್ನ ಕ್ಯಾರವಾನನ್ನು ಎರಡು ದಿನಕ್ಕೆ ಕೊಟ್ಟ. ಪಿಕಪ್‌ನ ಹಿಂದೆ ಕಟ್ಟಿಕೊಂಡು ಬೆಟ್ಟದ ನಡುವಿನ ಅಣೆಕಟ್ಟಿನ ಕೆರೆಗೆ ಹೋಗುವುದೆಂದು ಆಯಿತು. ನಿಲ್ಲುವುದು ಎಲ್ಲಿ ಎಂಬ ಚರ್ಚೆ ಮೂರು ದಿನ ನಡೆಯಿತು. ಗುಡ್ಡದ ಮೇಲೊಂದು ಕ್ಯಾಂಪಿನ ಜಾಗವಿತ್ತು. ಶೌಚಾಲಯ, ಕರೆಂಟು, ಕಾವಲಿನವರು ಎಲ್ಲ ಇದ್ದರು, ಕೆರೆ ಮಾತ್ರ ದೂರದಿಂದ ಅಂಗೈಯಷ್ಟು ಕಾಣುತ್ತಿತ್ತು. ಕೆಳಗೆ, ಒಣಗಿದ ವಾದಿ ಕೆರೆಗೆ ಬಂದು ಸೇರುವಲ್ಲಿ, ಚಾಪೆ ಹಾಸಿದಂಥ ಮರಳು, ಒಂದು ಬೋರೆ ಮರ. ವಾದಿ ಎಂದರೆ ಮಳೆ ಬಂದಾಗ ಮಾತ್ರ ಹರಿಯುವ ಹೊಳೆ, ಉಳಿದಂತೆ ಬರೀ ಕಲ್ಲು ಮರಳು. ರೊಸಲಿನ್ ಮೇಲಿನದು ಸಾಕು ಎಂದಳು. “ನೀರು ಮುಟ್ಲಿಕ್ಕೆ ಆಗದ ಜಾಗಕ್ಕೆ ಹೋಗಿ ಎಂತ ಮಾಡುದು?” ಎಂದ ಮಾರ್ಸೆಲ್. ಚರ್ಚೆ ಎಂದರೆ ಅವರ ಮನೆಯಲ್ಲಿ ಇದೇ.

ಶನಿವಾರ ಬೆಳಿಗ್ಗೆ ಬೆಟ್ಟದ ಬುಡದ ಕೆಫೆಟೇರಿಯಾದಲ್ಲಿ ಚಹಾಕ್ಕೆ ನಿಲ್ಲಿಸಿದರು. ಅದನ್ನು ನಡೆಸುವ ಶಾಹುಲ್ ಹಮೀದ್ ಉಪ್ಪಿನಂಗಡಿಯವನು, ಈ ಬೆಟ್ಟದ ಬುಡದಲ್ಲಿ ಇಪ್ಪತ್ತು ವರ್ಷದಿಂದ ಇರುವವನು. ಎಲ್ಲಿಗೆ ಹೊರಟದ್ದೆಂದು ಕೇಳಿದ. ಗ್ಲಾಸು ಕೆಳಗಿಟ್ಟು, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದು ಹೇಳಿದ.

“ವಾದಿಯಲ್ಲಿ ನಿಲ್ಲುದು ಬೇಡ ಪೊರ್ಬುಗಳೇ. ಮೇಲೆ ಜಬಲ್‌ನಲ್ಲಿ, ಆ ಬೆಟ್ಟದ ತಲೆಯಲ್ಲಿ, ಮೋಡ ಉಂಟು. ಇಲ್ಲಿ ಬಿಸಿಲಿದ್ರೂ ನೀರು ಬರ್ತದೆ.”

“ನಾನು ನಂದಿನಿ ಹೊಳೆಯ ಬದಿಯಲ್ಲಿ ಹುಟ್ಟಿದವ ಸಾಯ್ಬೆರೇ, ನನಗೆ ನೀರಿನ ಪಾಠ ಬೇಡ” ಎಂದು ಮಾರ್ಸೆಲ್ ನಕ್ಕ. “ನೆರೆ ಅಂಗಳಕ್ಕೆ ಬಂದಾಗ ಕೋಲು ಊರಿ ಮಲಗಿದವರು ನಾವು.”

ಅದು ಸುಳ್ಳಲ್ಲ. ಅವನ ಊರಿನಲ್ಲಿ ಹೊಳೆ ಉಕ್ಕಿದಾಗ ನೀರಿನ ಅಂಚಿಗೆ ಕೋಲು ನೆಡುವುದು ರೂಢಿ. ಕೋಲು ಮುಳುಗುತ್ತ ಬಂದರೆ ಅಕ್ಕಿಯ ಡಬ್ಬ ಅಟ್ಟಕ್ಕೆ ಏರಿಸಲು ಸಮಯ ಇರುತ್ತಿತ್ತು. ಶಾಹುಲ್ ಹಮೀದ್ ರೊಸಲಿನ್‌ಳ ಕಡೆ ನೋಡಿದ. “ಬಾಯಮ್ಮ, ನೀವಾದ್ರೂ ಹೇಳಿ.” ಅವಳು ತಲೆ ಎತ್ತಿ ಬೆಟ್ಟದ ಕಡೆ ಒಮ್ಮೆ ನೋಡಿದಳು. ಆದರೂ ಚಹಾ ಕುಡಿದು ಸುಮ್ಮನೆ ಹೋಗಿ ಗಾಡಿಯಲ್ಲಿ ಕೂತಳು.

ಮಧ್ಯಾಹ್ನದ ಹೊತ್ತಿಗೆ ಮರಳಿನ ಮೇಲೆ ಕುರ್ಚಿಗಳು ಬಿದ್ದವು. ಮಾರ್ಸೆಲ್ ಮೊದಲು ಮಾಡಿದ ಕೆಲಸ ಕೆರೆಯ ಅಂಚಿಗೆ ಒಂದು ಕೋಲು ನೆಟ್ಟದ್ದು. ಆಮೇಲೆ ಕ್ಯಾರವಾನನ್ನು ಪಿಕಪ್‌ನಿಂದ ಬಿಡಿಸಲೆಂದು ಜಾಕಿಯ ಹಿಡಿ ತಿರುಗಿಸುತ್ತ ಕೂತ. ಜೋಯ್ಲಿನ್ ಒಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ನೀರಿಗೆ ಕಾಲು ಇಳಿಬಿಟ್ಟಿದ್ದಳು. ರೊಸಲಿನ್ ಟವೆಲ್ ಒಣಹಾಕಲು ಬೋರೆ ಮರದ ಕೊಂಬೆಗೆ ಕೈ ಚಾಚಿದಳು.

ಕೊಂಬೆಯ ಸಂದಿಯಲ್ಲಿ ಒಣ ಜೊಂಡು, ಪ್ಲಾಸ್ಟಿಕ್ ಚೀಲದ ಚಿಂದಿ, ಕೆಸರು ಒಣಗಿ ಗಟ್ಟಿಯಾದ ಒಂದು ರಬ್ಬರ್ ಚಪ್ಪಲಿ. ಅವಳ ಕೈಗೆ ಎಟುಕದಷ್ಟು ಎತ್ತರದಲ್ಲಿ.

“ಕೇಳಿತಾ, ಇಲ್ಲಿ ಬನ್ನಿ. ಮರದಲ್ಲಿ ಚಪ್ಪಲಿ ಉಂಟು.”

“ಗಾಳಿಗೆ ಬಂದದ್ದಾಗಿರ್ಬೇಕು.”

“ಚಪ್ಪಲಿ ಗಾಳಿಗೆ ಬರ್ತದಾ?”

“ಎಂತ ಮಾರಾಯ್ತಿ ನಿಂದು? ಕೋಲು ನೋಡು, ಒಂದು ಬೆರಳು ಮುಳುಗ್ಲಿಲ್ಲ. ಆಕಾಶ ನೋಡು.”

ಆಕಾಶ ನಿಜಕ್ಕೂ ನೀಲಿ. “ಮಮ್ಮಿ, ರಿಲ್ಯಾಕ್ಸ್” ಎಂದಳು ಜೋಯ್ಲಿನ್, ತಿರುಗಿಯೂ ನೋಡದೆ. ರೊಸಲಿನ್ ಟವೆಲ್ಲನ್ನು ಮಡಚಿ ಹಿಡಿದು ನಿಂತಳು. ಮಡಚಿದ್ದನ್ನು ಮತ್ತೆ ಬಿಡಿಸಿದಳು.

ಆಗ ಬೆಟ್ಟದ ಆಚೆ ಎಲ್ಲೋ ಗುಡುಗಿತು. ಮಾರ್ಸೆಲನ ಮುಖ ಅರಳಿತು. ಮಳೆಯ ಸದ್ದಿಗೆ ಈ ದೇಶದಲ್ಲಿ ಕರಾವಳಿಯವರ ಮುಖ ಅರಳದೆ ಇರುವುದಿಲ್ಲ. ಹಿಂದೆಯೇ ವಾದಿಯ ಮೇಲಿನಿಂದ ತಂಪು ಗಾಳಿ ಬೀಸಿತು, ಅದರಲ್ಲಿ ಒದ್ದೆ ಮಣ್ಣಿನ ವಾಸನೆ. “ಆಹಾ!” ಎಂದ ಅವನು, ಹಿಡಿ ತಿರುಗಿಸುವುದನ್ನು ಬಿಡದೆ. ರೊಸಲಿನ್ ಕಾಲ ಕೆಳಗಿನ ಮರಳನ್ನು ನೋಡಿದಳು. ಒಂದು ಹನಿ ಬಿದ್ದಿರಲಿಲ್ಲ. ಹಾಗಾದರೆ ಒದ್ದೆಯಾದ ಮಣ್ಣು ಎಲ್ಲಿಯದು?

“ಮಾರ್ಸೆಲ್!”

ಅವನ ಕೈ ನಿಂತಿತು. ಆ ಹೆಸರು ಆ ಬಾಯಿಂದ ಅವನು ಕೇಳಿದ್ದೇ ಇಲ್ಲ. ಆ ದನಿಯನ್ನೂ ಕೇಳಿರಲಿಲ್ಲ, ಅದನ್ನು ಕೇಳಿದವರು ಅವಳ ವಾರ್ಡಿನವರು ಮಾತ್ರ.

“ಜಾಕಿ ಎತ್ತು. ಜೋಯ್ಲಿನ್, ಗಾಡಿ ಹತ್ತು. ಈಗ. ಕುರ್ಚಿ ಬಿಡು!”

ಜೋಯ್ಲಿನ್ ಹಿಂದಿನ ಸೀಟಿಗೆ ಹತ್ತಿದಳು, ರೊಸಲಿನ್ ಓಡಿಹೋಗಿ ಡ್ರೈವರ್ ಸೀಟಿನಲ್ಲೇ ಕೂತಳು. ಆರನೇ ಟೆಸ್ಟಿಗೆ ಲೈಸೆನ್ಸ್ ಸಿಕ್ಕಿದವಳು, ಕ್ಯಾರವಾನ್ ಎಳೆಯುವ ಗಾಡಿಯ ಸ್ಟೀರಿಂಗನ್ನು ಮುಟ್ಟಿಯೂ ನೋಡಿದವಳಲ್ಲ.

“ನಿನ್ನಿಂದ ಆಗ್ಲಿಕ್ಕಿಲ್ಲ, ಇಳಿ” ಎಂದ ಮಾರ್ಸೆಲ್.

“ಹತ್ತುತ್ತೀಯಾ, ಬಿಟ್ಟು ಹೋಗ್ಲಾ?”

ಕ್ಯಾರವಾನಿನ ಕೊಂಡಿ ಇನ್ನೂ ಕಳಚಿರಲಿಲ್ಲ, ಅವನು ಜಾಕಿ ಎತ್ತಿ ಹತ್ತಿದ. ಹಿಂದಿನ ಚಕ್ರ ಮರಳಿನಲ್ಲಿ ತಿರುಗಿತು, ಗಾಡಿ ಅಲ್ಲಾಡಲಿಲ್ಲ. “ಫೋರ್ ವೀಲಿಗೆ ಹಾಕು” ಎಂದ ಅವನು, ಈಗ ಸಣ್ಣ ದನಿಯಲ್ಲಿ, “ಮೆಲ್ಲ ಒತ್ತು, ಮೆಲ್ಲ.” ಗಾಡಿ ಒಮ್ಮೆ ನರಳಿ ಮುಂದೆ ಸರಿಯಿತು. ಕಲ್ಲಿನ ಏರು ದಾರಿಯಲ್ಲಿ ಕ್ಯಾರವಾನ್ ಎಡಕ್ಕೂ ಬಲಕ್ಕೂ ಓಲಾಡಿತು. ಅರ್ಧ ಏರಿರಲಿಲ್ಲ, ಹಿಂದಿನಿಂದ ಟಿಪ್ಪರ್ ಜಲ್ಲಿ ಸುರಿದ ಹಾಗೆ ಸದ್ದು ಕೇಳಿತು. ಅದು ನಿಲ್ಲಲೇ ಇಲ್ಲ.

ಏರಿನ ಮೇಲೆ ತಲುಪಿ ತಿರುಗಿ ನೋಡಿದರು. ಕಂದು ನೀರು ಕಲ್ಲು, ಕಸ, ಒಂದು ಮುರಿದ ಬೇಲಿಯನ್ನು ಹೊತ್ತು ವಾದಿಯ ತುಂಬ ಇಳಿಯುತ್ತಿತ್ತು. ಬೋರೆ ಮರ ಕೊಂಬೆಯ ತನಕ ಮುಳುಗಿತ್ತು. ಮೂರು ಕುರ್ಚಿಗಳು ಕಾಣಲಿಲ್ಲ. ಕೋಲು ನೆಟ್ಟದ್ದು ಕೆರೆಯ ಅಂಚಿಗೆ. ನೀರು ಬಂದದ್ದು ಬೆನ್ನ ಹಿಂದಿನಿಂದ.

ಮಾರ್ಸೆಲ್ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತ. ಜೋಯ್ಲಿನ್ ತಾಯಿಯ ತೋಳು ಹಿಡಿದವಳು ಬಿಡಲೇ ಇಲ್ಲ.

“ನಿನಗೆ ಯಾವಾಗ ಗೊತ್ತಾಯ್ತು?” ಎಂದು ಕೇಳಿದ ಅವನು.

“ಗೊತ್ತಾದದ್ದಲ್ಲ. ಹೆದರಿಕೆ. ಚಹಾ ಕುಡಿಯುವಾಗ್ಲೇ.”

“ಮತ್ತೆ ಆಗ್ಲೇ ಯಾಕೆ ಹೇಳ್ಲಿಲ್ಲ?”

ರೊಸಲಿನ್‌ಗೆ ಮೊದಲು ಸಿಟ್ಟು ಬಂತು. ಹೇಳಿದ್ದರೆ ನೀನು ಕೇಳುತ್ತಿದ್ದೆಯಾ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತು. ಆಮೇಲೆ ತೋಳಿನ ಮೇಲಿದ್ದ ಮಗಳ ಬೆರಳುಗಳನ್ನು ನೋಡಿದಳು. ಲಕ್ಷಣ ಕಂಡೂ ಮೂರು ತಾಸು ಬಾಯಿ ಬಿಡದ ನರ್ಸನ್ನು ತನ್ನ ವಾರ್ಡಿನಲ್ಲಿ ಅವಳು ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ. ಅವನ ತಪ್ಪು ಕೆಳಗೆ ಎಲ್ಲರಿಗೂ ಕಾಣುವಂತೆ ಹರಿಯುತ್ತಿತ್ತು. ತನ್ನದು ಯಾರಿಗೂ ಕಾಣುತ್ತಿರಲಿಲ್ಲ. ಅವಳು ಅತ್ತುಬಿಟ್ಟಳು.

ಸದ್ದು ಕೇಳಿ ಮೇಲಿನ ಕ್ಯಾಂಪಿನ ಕಾವಲಿನವನು ಇಳಿದು ಬಂದು, ನಾಲ್ಕು ಜಾಗ ಖಾಲಿ ಇದೆ, ಎಲ್ಲಿ ನಿಲ್ಲಿಸುತ್ತೀರಿ ಎಂದು ಹಿಂದಿಯಲ್ಲಿ ಕೇಳಿದ. ಮಾರ್ಸೆಲ್ ಅಭ್ಯಾಸದಂತೆ ಎದ್ದು, ಬೆರಳು ಎತ್ತಿ, ಇಳಿಸಿದ.

“ಕೇಳಿತಾ” ಎಂದ ಹೆಂಡತಿಗೆ, “ಎಲ್ಲಿ ನಿಲ್ಲಿಸುವ?”

ಅವಳು ಕಣ್ಣೊರೆಸಿಕೊಂಡು ನಾಲ್ಕೂ ಜಾಗಗಳನ್ನು ನಡೆದು ನೋಡಿದಳು.